ಗಂಡುನಾಯಿ ಮನೆಯೊಳಗೆ ಕಾಲೆತ್ತುವುದನ್ನು ಬಿಡಿಸುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಕೆಂಚ ನಮ್ಮ ಮನೆಗೆ ಬಂದಾಗ ಅವನಿಗೆ ಹೆಚ್ಚುಕಡಿಮೆ ಎಂಟು ತಿಂಗಳು. ಮೈಸೂರಿನ ನಮ್ಮ ಬೀದಿಯಲ್ಲೇ ಹುಟ್ಟಿ ಬೆಳೆದ ನಾಡನಾಯಿ. ಮಳೆಗಾಲದಲ್ಲಿ ಕಾಲಿಗೆ ಪೆಟ್ಟಾಗಿ ಗೇಟಿನ ಹತ್ತಿರ ಬಿದ್ದಿದ್ದವನನ್ನು ಒಳಗೆ ತಂದೆವು, ಆಮೇಲೆ ಹೊರಗೆ ಕಳಿಸಲು ಮನಸ್ಸು ಬರಲಿಲ್ಲ. ಮೊದಲ ಹತ್ತು ದಿನ ಅವನು ಮನೆಯೊಳಗೆ ಒಂದು ಹನಿಯನ್ನೂ ಬಿಡಲಿಲ್ಲ. ಹನ್ನೊಂದನೆಯ ದಿನ, ಸಂಜೆಯ ಸುತ್ತು ಮುಗಿಸಿ ಬಂದು ಇಪ್ಪತ್ತು ನಿಮಿಷವೂ ಆಗಿರಲಿಲ್ಲ, ಅಡುಗೆಮನೆಗೆ ಹೋದ. ಆಗಷ್ಟೇ ತಂದಿಟ್ಟಿದ್ದ ಗ್ಯಾಸ್ ಸಿಲಿಂಡರನ್ನು ಸುತ್ತಲೂ ಮೂಸಿದ, ಕಾಲೆತ್ತಿದ, ಎರಡು ಚಮಚದಷ್ಟು ಬಿಟ್ಟು ಹೊರಟುಬಂದ. ಮರುದಿನ ಚಪ್ಪಲಿ ಸ್ಟ್ಯಾಂಡು. ಅದರ ಮರುದಿನ ಕಿಟಕಿಯ ಪರದೆ.

ಸುಮ್ಮನಿದ್ದ ನಾಯಿಗೆ ಇದ್ದಕ್ಕಿದ್ದಂತೆ ಏನಾಯಿತೆಂದು ನಾನು ಕಂಗಾಲಾದೆ. ಆ ಹತ್ತು ದಿನ ಅವನು ಹೊಸ ಜಾಗದ ಅಂಜಿಕೆಯಲ್ಲಿದ್ದ, ಮನೆ ತನ್ನದೂ ಹೌದು ಅನ್ನಿಸಿದ ಮೇಲೆ ಗುರುತು ಹಾಕತೊಡಗಿದ ಎಂಬುದು ಆಮೇಲೆ ಅರ್ಥವಾಯಿತು. ಪೂರ್ತಿ ನಿಲ್ಲಲು ಎರಡೂವರೆ ತಿಂಗಳು ಹಿಡಿಯಿತು. ಆ ದಿನಗಳಲ್ಲಿ ನಾನು ಕಲಿತದ್ದು, ನಮ್ಮ ಪಶುವೈದ್ಯರು ತಿದ್ದಿ ಹೇಳಿದ್ದು, ಎರಡನ್ನೂ ಸೇರಿಸಿ ಬರೆಯುತ್ತಿದ್ದೇನೆ. ಪ್ರೀತಿಯಿಂದ ಮನೆಗೆ ತಂದ ಗಂಡುನಾಯಿಗಳು ಇದೊಂದೇ ಕಾರಣಕ್ಕೆ ಮತ್ತೆ ಬೀದಿಪಾಲಾಗುವುದನ್ನು ನೋಡಿದ್ದೇನೆ. ಇದು ಬಿಡಿಸಲಾಗದ ಚಾಳಿಯಲ್ಲ.

ಮೊದಲ ಹೆಜ್ಜೆ: ಒಂದಕ್ಕೆ ಹೋಗಿದ್ದೋ, ಗುರುತು ಹಾಕಿದ್ದೋ?

ಇವೆರಡೂ ಬೇರೆ ಬೇರೆ. ಎರಡಕ್ಕೂ ಒಂದೇ ಮದ್ದು ಮಾಡಲು ಹೋದರೆ ಎರಡೂ ವಾಸಿಯಾಗುವುದಿಲ್ಲ.

ನೆಲದ ಮೇಲೆ ದೊಡ್ಡದಾಗಿ ಹರಡಿಕೊಂಡಿದ್ದರೆ ನಾಯಿ ತಡೆದುಕೊಳ್ಳಲಾರದೆ ಒಂದಕ್ಕೆ ಹೋಗಿದೆ ಎಂದರ್ಥ. ಅಂಥ ನಾಯಿಗೆ ಹೊರಗೆ ಹೋಗುವ ಅಭ್ಯಾಸ ಇನ್ನೂ ಕೂತಿಲ್ಲ, ಇಲ್ಲವೇ ನಾವು ಸಮಯಕ್ಕೆ ಕರೆದೊಯ್ದಿಲ್ಲ. ಗೋಡೆಯ ಮೂಲೆ, ಸೋಫಾದ ಕಾಲು, ಬಾಗಿಲ ಚೌಕಟ್ಟು, ಅಕ್ಕಿ ಮೂಟೆ ಇಂಥ ನಿಂತ ವಸ್ತುವಿನ ಮೇಲೆ ಒಂದೆರಡು ಗೇಣು ಎತ್ತರಕ್ಕೆ ಸ್ವಲ್ಪವೇ ಚಿಮ್ಮಿ ಗೆರೆಯಾಗಿ ಇಳಿದಿದ್ದರೆ ಅದು ಗುರುತು. ಆಗ ಮೂತ್ರಕೋಶ ತುಂಬಿರಬೇಕೆಂದೇನೂ ಇಲ್ಲ. ನಾಯಿ ವಾಸನೆಯ ಮೂಲಕ ‘ನಾನು ಇಲ್ಲಿದ್ದೇನೆ’ ಎಂದು ಬರೆದಿಡುತ್ತಿದೆ. ಗಂಡುಮರಿಗಳಲ್ಲಿ ಇದು ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷದೊಳಗೆ, ಪ್ರಾಯಕ್ಕೆ ಬರುವಾಗ ಶುರುವಾಗುತ್ತದೆ.

ಮೂರನೆಯದೊಂದಿದೆ. ನೀವು ಕೆಲಸ ಮುಗಿಸಿ ಬಂದು ಬಾಗಿಲು ತೆಗೆದ ಕೂಡಲೇ, ಅಥವಾ ನೆಂಟರು ಮೇಲೆ ಬಗ್ಗಿ ತಲೆ ಸವರಿದ ಕೂಡಲೇ ಮೈ ಕುಗ್ಗಿಸಿ, ಕಿವಿ ಹಿಂದಕ್ಕೆ ಮಾಡಿ ನಿಂತಲ್ಲೇ ಬಿಡುವುದು. ಅದು ಸಂಭ್ರಮ ಅಥವಾ ಅಂಜಿಕೆಯಿಂದ ಆಗುವಂಥದ್ದು, ಮರಿಯ ಹತೋಟಿಯಲ್ಲಿಲ್ಲ. ಬೈದರೆ ಹೆಚ್ಚಾಗುತ್ತದೆ. ಬಂದ ಕೂಡಲೇ ಮಾತಾಡಿಸದೆ ನೇರ ಹೊರಗೆ ಕರೆದೊಯ್ದು, ಆಮೇಲೆ ಪಕ್ಕದಲ್ಲಿ ಕೂತು ಎದೆಯ ಕೆಳಗಿಂದ ಸವರಿ. ಬಹುತೇಕ ಮರಿಗಳು ಬೆಳೆಯುತ್ತಾ ಇದನ್ನು ಬಿಡುತ್ತವೆ.

ತರಬೇತಿಗೆ ಮೊದಲು ವೈದ್ಯರು

ವರ್ಷಗಟ್ಟಲೆ ಶಿಸ್ತಾಗಿದ್ದ ನಾಯಿ ಈಗ ಒಳಗೆ ಮಾಡುತ್ತಿದ್ದರೆ ತರಬೇತಿಯ ಮಾತು ಆಮೇಲೆ. ಮೂತ್ರನಾಳದ ಸೋಂಕು, ಕಲ್ಲು, ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ, ಸಂತಾನಹರಣದ ಆಪರೇಷನ್ ಆಗದ ವಯಸ್ಸಾದ ಗಂಡುಗಳಲ್ಲಿ ಪ್ರಾಸ್ಟೇಟ್ ಗ್ರಂಥಿ ಊದಿಕೊಳ್ಳುವುದು, ಎಲ್ಲವೂ ಹೀಗೇ ಕಾಣಿಸಿಕೊಳ್ಳುತ್ತವೆ. ನೀರು ಹೆಚ್ಚು ಕುಡಿಯುತ್ತಿದೆಯೇ, ಹನಿಹನಿಯಾಗಿ ಬರುತ್ತಿದೆಯೇ, ಬಣ್ಣ ಕೆಂಪಾಗಿದೆಯೇ, ಆ ಜಾಗವನ್ನು ಪದೇ ಪದೇ ನೆಕ್ಕುತ್ತಿದೆಯೇ ನೋಡಿ. ಬೆಳಗಿನ ಮೂತ್ರವನ್ನು ಶುಚಿಯಾದ ಡಬ್ಬಿಯಲ್ಲಿ ಹಿಡಿದು ಒಯ್ದರೆ ವೈದ್ಯರಿಗೆ ಅರ್ಧ ಕೆಲಸ ಹಗುರ. ಉದ್ದ ಹಿಡಿಯ ಸೌಟಿನಲ್ಲಿ ಹಿಡಿಯುವುದು ಸುಲಭ.

ಒಂದು ಮಾತನ್ನು ಮರೆಯಬೇಡಿ. ಗಂಡುನಾಯಿ ಮತ್ತೆ ಮತ್ತೆ ಕಾಲೆತ್ತಿ ತಿಣುಕುತ್ತಿದ್ದು ಏನೂ ಬರುತ್ತಿಲ್ಲವೆಂದರೆ ನಾಳೆ ಬೆಳಗಿನವರೆಗೆ ಕಾಯಬೇಡಿ. ಗಂಡಿನ ಮೂತ್ರನಾಳ ಕಿರಿದು, ಕಲ್ಲು ಸಿಕ್ಕಿಕೊಂಡರೆ ಜೀವಕ್ಕೇ ಅಪಾಯ. ಆ ಕೂಡಲೇ ಆಸ್ಪತ್ರೆಗೆ ಹೊರಡಿ.

ನೆಲದ ವಾಸನೆ ಹೋಗದೆ ಬೇರೇನೂ ಆಗದು

ನಾನು ಮಾಡಿದ ದೊಡ್ಡ ತಪ್ಪು ಇಲ್ಲೇ. ಪ್ರತಿ ಸಲವೂ ಫಿನಾಯಿಲ್ ಹಾಕಿ ಒರೆಸುತ್ತಿದ್ದೆ. ನಮ್ಮ ಮೂಗಿಗೆ ಫಿನಾಯಿಲ್ ಮಾತ್ರ ಬರುತ್ತಿತ್ತು, ಕೆಂಚನ ಮೂಗಿಗೆ ಅದರಡಿಯ ಹಳೆಯ ವಾಸನೆ ಹಾಗೇ ಸಿಗುತ್ತಿತ್ತು. ಅಲ್ಲಿ ಸಿಕ್ಕರೆ ಅಲ್ಲೇ ಮತ್ತೆ ಕಾಲೆತ್ತುತ್ತಾನೆ. ಒಣಗಿ ಉಳಿದದ್ದು ತೇವ ತಾಗಿದರೆ ಮತ್ತೆ ನಾರುತ್ತದೆ, ಅದಕ್ಕೇ ಎಷ್ಟೋ ಮನೆಗಳಲ್ಲಿ ಮಳೆ ಹಿಡಿದಾಗ ಹಳೆಯ ಮೂಲೆಗಳು ವಾಸನೆ ಹೊಡೆಯುವುದು.

ಮೊದಲು ಹಳೆಯ ಕಲೆಗಳನ್ನೆಲ್ಲ ಹುಡುಕಿ. ನೋಟು ಪರೀಕ್ಷಿಸಲು ಬಳಸುವ ನೇರಳಾತೀತ ಟಾರ್ಚ್ ಸಾಕು. ರಾತ್ರಿ ದೀಪ ಆರಿಸಿ, ನೆಲದಿಂದ ಮಂಡಿಯೆತ್ತರದವರೆಗೆ ಗೋಡೆ, ಪರದೆ, ಪೀಠೋಪಕರಣಗಳ ಮೇಲೆ ಬೆಳಕು ಬಿಡಿ. ಮೂತ್ರದ ಕಲೆ ಹಳದಿ ಹಸಿರು ಮಿಶ್ರಿತವಾಗಿ ಹೊಳೆಯುತ್ತದೆ. ಸೋಪಿನಪುಡಿಯ ಕಲೆಯೂ ಹೊಳೆಯುವುದರಿಂದ ಮೂಸಿ ಖಾತ್ರಿ ಮಾಡಿಕೊಳ್ಳಿ. ನನಗೆ ಗೊತ್ತಿದ್ದದ್ದು ಐದು ಜಾಗ. ಆ ರಾತ್ರಿ ಹದಿನಾಲ್ಕು ಸಿಕ್ಕವು, ಒಂದು ನಮ್ಮ ಅತ್ತೆಯ ಮಂಚದ ಕಾಲಿನ ಹಿಂಭಾಗದಲ್ಲಿ. ಎಲ್ಲಕ್ಕೂ ಸೀಮೆಸುಣ್ಣದಲ್ಲಿ ಸುತ್ತು ಹಾಕಿಟ್ಟೆ.

ಹಸಿ ಇದ್ದರೆ ಹಳೆಯ ಬಟ್ಟೆಯಿಂದ ಒತ್ತಿ ಹೀರಿಸಿ, ಉಜ್ಜಿ ಹರಡಬೇಡಿ. ಬರಿ ನೀರಿನಲ್ಲಿ ಒರೆಸಿ. ಬಳಿಕ ಸಾಕುಪ್ರಾಣಿಗಳ ಅಂಗಡಿಯಲ್ಲಿ ಸಿಗುವ ಎಂಜೈಮ್ ಕ್ಲೀನರನ್ನು ಕಲೆಗಿಂತ ಅಗಲವಾಗಿ, ಜಾಗ ಚೆನ್ನಾಗಿ ನೆನೆಯುವಷ್ಟು ಹಾಕಿ. ಹಾಕಿದ ತಕ್ಷಣ ಒರೆಸಿಬಿಟ್ಟರೆ ದುಡ್ಡು ದಂಡ. ಅದು ಮೂತ್ರದ ಅಂಶವನ್ನು ಒಡೆಯಲು ಹೊತ್ತು ಬೇಕು. ಬಾಟಲಿಯ ಮೇಲೆ ಬರೆದಷ್ಟು ಹೊತ್ತು ಬಿಟ್ಟು ತಾನಾಗಿ ಆರಲಿ. ಹಳೆಯ ಕಲೆಗೆ ಎರಡು ಮೂರು ಸಲ ಬೇಕಾಗಬಹುದು. ಟೈಲ್ಸ್ ಮನೆಯಲ್ಲಿ ವಾಸನೆ ಅಡಗುವುದು ಟೈಲಿನಲ್ಲಲ್ಲ, ಸಂದಿನ ಸಿಮೆಂಟಿನಲ್ಲಿ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಅಲ್ಲಿಗೇ ತಾಗಿಸಿ.

ವಿನೆಗರ್ ಹಾಕಿ ಎಂದು ಬಹಳ ಜನ ಹೇಳುತ್ತಾರೆ. ಸೆರಾಮಿಕ್ ಟೈಲ್ ಇದ್ದರೆ ಸಮಪ್ರಮಾಣ ನೀರು ಬೆರೆಸಿ ಹಾಕಬಹುದು. ಆದರೆ ಶಹಾಬಾದ್ ಕಲ್ಲು, ಕಡಪ ಕಲ್ಲು, ಅಮೃತಶಿಲೆ, ಮೊಸಾಯಿಕ್, ಕೆಂಪು ರೆಡ್ ಆಕ್ಸೈಡ್ ನೆಲಗಳಿಗೆ ಖಂಡಿತ ಬೇಡ. ಇವೆಲ್ಲ ಸುಣ್ಣದ ಅಂಶದ ನೆಲಗಳು, ಹುಳಿ ಅವನ್ನು ತಿನ್ನುತ್ತದೆ. ನಮ್ಮ ನಡುಮನೆಯ ಕೆಂಪು ನೆಲದಲ್ಲಿ ಅಂಗೈಯಗಲದ ಮಂಕು ಕಲೆಯೊಂದು ಇನ್ನೂ ಇದೆ. ಅದು ಕೆಂಚ ಮಾಡಿದ್ದಲ್ಲ, ನನ್ನ ವಿನೆಗರ್ ಮಾಡಿದ್ದು. ಬ್ಲೀಚಿಂಗ್ ಪೌಡರ್ ಕೂಡ ಬೇಡ. ಮೂತ್ರದಲ್ಲಿರುವ ಅಮೋನಿಯಾದ ಜೊತೆ, ಇಲ್ಲವೇ ಕಕ್ಕಸು ತೊಳೆಯುವ ಆಸಿಡ್ ಜೊತೆ ಸೇರಿದರೆ ವಿಷಗಾಳಿ ಏಳುತ್ತದೆ.

ಒರೆಸುವಾಗ ಕೈಗವಸು ಹಾಕಿಕೊಳ್ಳಿ. ಇಲಿ ಜ್ವರ ಎಂದು ನಾವು ಕರೆಯುವ ಲೆಪ್ಟೊಸ್ಪೈರೋಸಿಸ್ ನಾಯಿಯ ಮೂತ್ರದಿಂದಲೂ ಬರಬಹುದು, ಕೈಯ ಸಣ್ಣ ಗಾಯ ಸಾಕು. ನಾಯಿಗೆ ಅದರ ಲಸಿಕೆ ವರ್ಷವರ್ಷವೂ ಆಗಬೇಕು.

ಹೊತ್ತು ಹೊತ್ತಿಗೆ ಹೊರಗೆ

ಮರಿಯಾದರೆ ಒಂದು ಅಂದಾಜಿದೆ: ಎಷ್ಟು ತಿಂಗಳೋ ಅದಕ್ಕೆ ಒಂದು ಸೇರಿಸಿದರೆ ಬರುವಷ್ಟು ಗಂಟೆ ಅದು ಹೆಚ್ಚೆಂದರೆ ತಡೆದುಕೊಳ್ಳಬಲ್ಲದು. ಎರಡು ತಿಂಗಳ ಮರಿಗೆ ಮೂರು ಗಂಟೆ. ಅದೂ ಮಲಗಿದ್ದಾಗ. ಎಚ್ಚರವಿದ್ದು ಆಡುತ್ತಿದ್ದರೆ ಗಂಟೆಗೊಮ್ಮೆ ಕರೆದೊಯ್ಯಬೇಕು. ನಿದ್ದೆಯಿಂದ ಎದ್ದ ಕೂಡಲೇ, ಊಟವಾಗಿ ಹದಿನೈದು ನಿಮಿಷಕ್ಕೆ, ಆಟ ಮುಗಿದ ಮೇಲೆ, ರಾತ್ರಿ ಮಲಗುವ ಮುನ್ನ, ಈ ನಾಲ್ಕು ಹೊತ್ತು ಯಾವ ಕಾರಣಕ್ಕೂ ತಪ್ಪಬಾರದು. ಮೊದಲ ಕೆಲವು ವಾರ ನಡುರಾತ್ರಿ ಒಂದು ಸಲ ಅಲಾರಾಂ ಇಟ್ಟು ಏಳುವುದು ಅನಿವಾರ್ಯ. ನೀರು ಕೊಡದೆ ಕಟ್ಟಿಹಾಕುವುದು ಪರಿಹಾರವಲ್ಲ, ನಮ್ಮ ಬೇಸಿಗೆಯಲ್ಲಿ ಅದು ಹಿಂಸೆ.

ಲಸಿಕೆಗಳು ಮುಗಿಯುವವರೆಗೆ, ಅಂದರೆ ಸುಮಾರು ನಾಲ್ಕು ತಿಂಗಳವರೆಗೆ, ಬೀದಿನಾಯಿಗಳು ಓಡಾಡುವ ನೆಲಕ್ಕೆ ಮರಿಯನ್ನು ಇಳಿಸಿದರೆ ಪಾರ್ವೊ ಎಂಬ ಮಾರಕ ವೈರಸ್ ರೋಗದ ಭಯ. ಅಷ್ಟು ದಿನಕ್ಕೆ ಗಾರೆ ಕೆಲಸದವರ ಬಾಂಡ್ಲಿ ಒಂದನ್ನು ತಂದು, ಮಣ್ಣು ತುಂಬಿ, ಮೇಲೊಂದು ಹುಲ್ಲಿನ ಹೆಂಟೆ ಇಟ್ಟು ಬಾಲ್ಕನಿಯಲ್ಲೋ ತಾರಸಿಯಲ್ಲೋ ಇಡಿ. ಮಣ್ಣು ಮತ್ತು ಹುಲ್ಲು ಬೇರೆ ನಾಯಿಗಳು ಹೋಗದ ಜಾಗದ್ದಾಗಿರಲಿ. ಪೇಪರ್ ಹಾಸಿ ಕಲಿಸುವುದಕ್ಕಿಂತ ಇದು ಎಷ್ಟೋ ವಾಸಿ. ಪೇಪರಿಗೆ ಒಗ್ಗಿದ ಮರಿ ನಾಳೆ ನೀವು ನೆಲದ ಮೇಲಿಟ್ಟ ದಿನಪತ್ರಿಕೆಯನ್ನೂ ಅದೇ ಎಂದುಕೊಳ್ಳುತ್ತದೆ. ಮಣ್ಣಿಗೆ ಒಗ್ಗಿದ ಮರಿಗೆ ಮುಂದೆ ಬೀದಿಬದಿಯ ಮಣ್ಣು ಹೊಸದೆನಿಸುವುದಿಲ್ಲ.

ದೊಡ್ಡ ನಾಯಿಗೆ ದಿನಕ್ಕೆ ನಾಲ್ಕು ಸಲವಾದರೂ ಬೇಕು. ನಾವೆಲ್ಲ ಮಾಡುವ ತಪ್ಪೊಂದಿದೆ. ಗೇಟಿನಾಚೆಯ ಮೊದಲ ಕಂಬಕ್ಕೆ ಕಾಲೆತ್ತಿದ ಕೂಡಲೇ ‘ಆಯ್ತಲ್ಲ, ನಡಿ’ ಎಂದು ಹಗ್ಗ ಎಳೆದು ವಾಪಸು ತರುತ್ತೇವೆ. ಗಂಡುನಾಯಿ ಒಂದೇ ಸಲಕ್ಕೆ ಖಾಲಿ ಮಾಡುವುದಿಲ್ಲ, ಅಲ್ಲಲ್ಲಿ ಮೂಸಿ ನಾಲ್ಕಾರು ಕಡೆ ಹಂಚುತ್ತದೆ. ಅರ್ಧದಲ್ಲೇ ತಂದರೆ ಉಳಿದದ್ದು ಮನೆಯೊಳಗೆ. ಅಷ್ಟೇ ಅಲ್ಲ, ಕಾಲೆತ್ತಿದರೆ ತಿರುಗಾಟ ಮುಗಿಯುತ್ತದೆ ಎಂದು ಕಲಿತ ನಾಯಿ ಹೊರಗಿರುವಷ್ಟೂ ಹೊತ್ತು ತಡೆದುಕೊಳ್ಳುತ್ತದೆ. ಮೊದಲು ಒಂದಕ್ಕೆ ಹೋಗಲಿ, ಆಮೇಲೆ ಹತ್ತು ನಿಮಿಷ ಅದಕ್ಕೆ ಬೇಕಾದಲ್ಲಿ ಮೂಸಲು ಬಿಡಿ.

ಮುಗಿಸಿದ ಕ್ಷಣದಲ್ಲೇ, ಅಲ್ಲೇ, ಬಾಯಿಗೆ ಏನಾದರೂ ಕೊಡಿ. ಉಪ್ಪು ಖಾರ ಹಾಕದೆ ಬೇಯಿಸಿದ ಚಿಕನ್ ಚೂರು, ಪನೀರು, ಕ್ಯಾರೆಟ್ ಯಾವುದಾದರೂ ಸರಿ. ಒಣದ್ರಾಕ್ಷಿ ಮಾತ್ರ ಬೇಡ, ಅದು ನಾಯಿಗೆ ವಿಷ. ಮನೆಗೆ ಬಂದು ಡಬ್ಬಿ ತೆಗೆದು ಕೊಟ್ಟರೆ, ಮನೆಗೆ ಬಂದಿದ್ದಕ್ಕೆ ಸಿಕ್ಕಿತು ಎಂದು ತಿಳಿಯುತ್ತದೆ. ಮಾಡುತ್ತಿರುವಾಗ ಮೆತ್ತಗೆ ಒಂದು ಪದ ಹೇಳಿ. ನಮ್ಮಲ್ಲಿ ‘ಸೂಸು’. ಎರಡು ವಾರದಲ್ಲಿ ಆ ಪದಕ್ಕೆ ಕೆಂಚ ಗಿಡ ಹುಡುಕತೊಡಗಿದ.

ಒಳಗಿರುವಾಗ ಕಣ್ಣಳತೆಯಲ್ಲಿರಲಿ

ಅಭ್ಯಾಸ ಕೂರುವವರೆಗೆ ಇಡೀ ಮನೆಯನ್ನು ನಾಯಿಗೆ ಬಿಟ್ಟುಕೊಡಬೇಡಿ. ಒಂದು ಕೋಣೆ ಸಾಕು. ಉದ್ದನೆಯ ಹಗುರ ಹಗ್ಗದ ಒಂದು ತುದಿ ಅದರ ಬೆಲ್ಟಿಗೆ, ಇನ್ನೊಂದು ನಿಮ್ಮ ಸೊಂಟಕ್ಕೆ. ನಾನು ತರಕಾರಿ ಹೆಚ್ಚುವಾಗ, ಬಟ್ಟೆ ಮಡಿಸುವಾಗ ಕೆಂಚ ಹಾಗೇ ನನ್ನ ಹಿಂದೆ ಸುತ್ತುತ್ತಿದ್ದ. ಮೂಗು ನೆಲಕ್ಕೆ ತಾಗಿಸಿ ಒಂದೇ ಜಾಗವನ್ನು ಬಿಡದೆ ಮೂಸುವುದು, ಪಕ್ಕಕ್ಕೆ ತಿರುಗಿ ಮೈಯ ಭಾರ ಬದಲಿಸುವುದು, ಇವು ಕಾಲೆತ್ತುವ ಮುನ್ಸೂಚನೆ. ಆಗ ಒಂದು ಚಪ್ಪಾಳೆ ತಟ್ಟಿ, ‘ಬಾರೋ ಹೊರಗೆ’ ಎಂದು ಕರೆದೊಯ್ಯಿರಿ. ಹೊರಗೆ ಮಾಡಿದರೆ ತಿಂಡಿ.

ಮನೆಯಲ್ಲಿ ಯಾರೂ ಇಲ್ಲದ ಹೊತ್ತಿಗೆ ಅದು ಮಲಗುವ, ಊಟ ಮಾಡುವ ಜಾಗದಲ್ಲೇ ಇರಿಸಿ, ಬಾಗಿಲಿಗೆ ಮಕ್ಕಳ ಗೇಟು ಹಾಕಿ. ತಾನು ಮಲಗುವಲ್ಲಿ ನಾಯಿ ಸುಲಭಕ್ಕೆ ಹೊಲಸು ಮಾಡುವುದಿಲ್ಲ. ಕ್ರೇಟ್ ಇದ್ದರೆ ಒಳ್ಳೆಯದೇ, ನಿಂತು, ತಿರುಗಿ, ಕಾಲು ಚಾಚಿ ಮಲಗುವಷ್ಟು ದೊಡ್ಡದಿರಲಿ, ದಿನವಿಡೀ ಕೂಡಿಹಾಕುವ ಪಂಜರವಾಗದಿರಲಿ.

ಮಾಡಿ ಮುಗಿಸಿದ್ದನ್ನು ನೀವು ಆಮೇಲೆ ನೋಡಿದರೆ ಸುಮ್ಮನೆ ಒರೆಸಿ. ಮೂಗು ಹಿಡಿದು ತಿಕ್ಕುವುದು, ಪೇಪರ್ ಸುತ್ತಿ ಹೊಡೆಯುವುದು ನಮ್ಮ ಕಡೆ ಇನ್ನೂ ಹೋಗಿಲ್ಲ. ಐದು ನಿಮಿಷದ ಹಿಂದಿನದಕ್ಕೂ ಈಗ ಬಿದ್ದ ಪೆಟ್ಟಿಗೂ ನಾಯಿ ಸಂಬಂಧ ಕಟ್ಟಲಾರದು. ನಿಮ್ಮೆದುರು ಕಾಲೆತ್ತಬಾರದು ಎಂದಷ್ಟೇ ಕಲಿತು ಮಂಚದ ಹಿಂದೆ, ಬಾಗಿಲ ಸಂದಿಯಲ್ಲಿ ಮಾಡತೊಡಗುತ್ತದೆ. ಇನ್ನೂ ಕೆಟ್ಟದ್ದೆಂದರೆ, ಹೊರಗೆ ಹೋದಾಗಲೂ ನಿಮ್ಮ ಮುಂದೆ ಮಾಡಲು ಹೆದರುತ್ತದೆ.

ಏನನ್ನು ಕಂಡು ಗುರುತು ಹಾಕುತ್ತಿದೆ?

ಇಲ್ಲಿಯವರೆಗಿನದು ಎಲ್ಲ ನಾಯಿಗೂ ಒಂದೇ. ಮುಂದಿನದು ನಿಮ್ಮ ನಾಯಿಯೊಂದಕ್ಕೇ ಸೇರಿದ್ದು, ಅದನ್ನು ನೀವೇ ಪತ್ತೆ ಮಾಡಬೇಕು. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನ ಚೌಕಗಳಲ್ಲೇ ನಾನು ಬರೆಯುತ್ತಾ ಹೋದೆ: ಎಷ್ಟು ಗಂಟೆ, ಎಲ್ಲಿ, ಅದಕ್ಕೆ ಸ್ವಲ್ಪ ಮುಂಚೆ ಏನಾಯಿತು. ಎರಡು ವಾರದಲ್ಲಿ ಒಂಬತ್ತು ಸಲ. ಅದರಲ್ಲಿ ಏಳು ಸಂಜೆ ಐದರಿಂದ ಆರೂವರೆಯೊಳಗೆ, ಎಲ್ಲವೂ ಮುಂದಿನ ಕಿಟಕಿಯ ಆಸುಪಾಸು. ಎದುರುಮನೆಯವರು ಬೀದಿನಾಯಿಗಳಿಗೆ ಅನ್ನ ಹಾಕುವುದು ಅದೇ ಹೊತ್ತಿಗೆ. ಅವನ ಹಳೆಯ ಗುಂಪೆಲ್ಲ ಕಿಟಕಿಯಾಚೆ, ಅವನು ಈಚೆ. ಕಿಟಕಿಯ ಕೆಳಗಿನ ಗಾಜುಗಳಿಗೆ ಬಟರ್ ಪೇಪರ್ ಅಂಟಿಸಿದೆವು. ಆ ಹೊತ್ತಿನಲ್ಲಿ ಅವನಿಗೆ ಹಿತ್ತಲಲ್ಲಿ ಊಟ. ಕಿಟಕಿಯ ಬಳಿಯ ಗುರುತು ಒಂದು ವಾರದಲ್ಲೇ ನಿಂತಿತು.

ಉಳಿದೆರಡಕ್ಕೆ ಕಾರಣ ಹೊರಗಿಂದ ಬಂದ ವಸ್ತುಗಳು. ಸಿಲಿಂಡರ್ ಗೋಡೌನು, ಗಾಡಿ, ಹತ್ತು ಮನೆಗಳ ಬಾಗಿಲು ಸುತ್ತಿ ಬಂದಿರುತ್ತದೆ, ಅದಕ್ಕೆ ಎಷ್ಟು ನಾಯಿಗಳು ಕಾಲೆತ್ತಿವೆಯೋ. ಈಗ ಸಿಲಿಂಡರ್ ಬಂದರೆ ಹೊರಗೇ ತೊಳೆದು, ಕೆಂಚನನ್ನು ಹಗ್ಗದಲ್ಲಿ ಹಿಡಿದು ಮೂಸಲು ಬಿಟ್ಟು, ಅದರ ಪಕ್ಕದಲ್ಲೇ ಒಂದು ಚೂರು ತಿಂಡಿ ಹಾಕಿ ಒಳಗಿಡುತ್ತೇವೆ. ನೆಂಟರ ಬ್ಯಾಗು, ಸೆಕೆಂಡ್‌ಹ್ಯಾಂಡ್ ಸೋಫಾ, ಬೇರೆ ನಾಯಿಯಿರುವ ಮನೆಯಿಂದ ಬಂದವರ ಚಪ್ಪಲಿ, ಇವಕ್ಕೂ ಇದೇ ಮಾತು. ಬ್ಯಾಗುಗಳನ್ನು ಎತ್ತರದಲ್ಲಿಡಿ.

ನಾದಿನಿ ಬಾಣಂತನಕ್ಕೆ ಬಂದಾಗ ಮಗುವಿನ ಬಟ್ಟೆಬುಟ್ಟಿಗೆ ಕೆಂಚ ಒಂದು ಸಲ ಕಾಲೆತ್ತಿದ. ‘ಹೊಟ್ಟೆಕಿಚ್ಚು ಕಣಮ್ಮ ಅವನಿಗೆ, ಬೇಕಂತ್ಲೇ ಮಾಡ್ತಾನೆ’ ಅಂದರು ಅತ್ತೆ. ಹಾಗಲ್ಲ. ಹೊಸ ವಾಸನೆ, ಹೊಸ ಅಳು, ದಿನಚರಿಯೆಲ್ಲ ಏರುಪೇರು. ಆತಂಕವಾದಾಗ ನಾಯಿ ತನ್ನ ವಾಸನೆಯನ್ನು ಹತ್ತಿರದಲ್ಲಿ ಹರಡಿ ಸಮಾಧಾನ ಮಾಡಿಕೊಳ್ಳುತ್ತದೆ. ಅವನ ತಿರುಗಾಟದ ಹೊತ್ತು ತಪ್ಪದಂತೆ ನೋಡಿಕೊಂಡೆವು, ಬುಟ್ಟಿಯನ್ನು ಮೇಲಿಟ್ಟೆವು, ಮತ್ತೆ ಆಗಲಿಲ್ಲ.

ಮಳೆಗಾಲ ಮುಗಿದು ಕಾರ್ತಿಕದ ಹೊತ್ತಿಗೆ ಬೀದಿಯ ಹೆಣ್ಣುನಾಯಿಗಳು ಬೆದೆಗೆ ಬರುತ್ತವೆ. ಆಪರೇಷನ್ ಆಗದ ಗಂಡಿನ ಸಂಕಟ ಆಗ ಹೇಳತೀರದು, ಬಾಗಿಲು ಕಿಟಕಿಗೆಲ್ಲ ಗುರುತು ಹಾಕುತ್ತದೆ. ಆ ವಾರಗಳಲ್ಲಿ ಒಳಗಿನ ಕಾವಲನ್ನು ಬಿಗಿಮಾಡಿ, ಮೊದಲಿನ ಪಾಠಕ್ಕೆ ಮರಳಿ.

ಕಾಲೆತ್ತಲು ಅದಕ್ಕೂ ಒಂದು ಜಾಗ ಬೇಕು

ನಮ್ಮ ಹಿತ್ತಲಲ್ಲಿ ತುಳಸಿಕಟ್ಟೆ ಇದೆ. ಕೆಂಚ ಒಳಗೆ ಏನು ಮಾಡಿದರೂ ಸಹಿಸಿದ ಅತ್ತೆ ಹೇಳಿದ್ದು ಒಂದೇ ಮಾತು: ‘ಕಟ್ಟೆ ಹತ್ರ ಮಾತ್ರ ಬಿಡಬೇಡಮ್ಮ.’ ನಾಯಿಯ ಕಣ್ಣಿಗೆ ಅದು ಬಯಲಿನ ನಡುವೆ ನಿಂತ ಒಂಟಿ ಕಂಬ, ಕಾಲೆತ್ತಲು ಹೇಳಿ ಮಾಡಿಸಿದ ಜಾಗ. ಬರೀ ಬೇಡ ಬೇಡ ಎಂದರೆ ಪ್ರಯೋಜನವಿಲ್ಲವೆಂದು, ಹಿತ್ತಲಿನ ಇನ್ನೊಂದು ತುದಿಯಲ್ಲಿ ಸೊಂಟದೆತ್ತರದ ಗಾಳಿಮರದ ಗೂಟವೊಂದನ್ನು ಹುಗಿದು, ಸುತ್ತ ಮರಳು ಹಾಕಿದೆ. ಮನೆಯೊಳಗೆ ಅವನ ಮೂತ್ರ ಒರೆಸಿದ ಬಟ್ಟೆಯನ್ನು ಆ ಗೂಟದ ಬುಡಕ್ಕೆ ಒತ್ತಿ ವಾಸನೆ ಹಿಡಿಸಿದೆ. ದಿನಕ್ಕೆ ನಾಲ್ಕು ಸಲ ಹಗ್ಗದಲ್ಲಿ ನೇರ ಅಲ್ಲಿಗೇ. ಕಾಲೆತ್ತಿದರೆ ಚಿಕನ್. ಕಟ್ಟೆಯ ಸುತ್ತ ಒಂದು ತಿಂಗಳು ಮುಳ್ಳಿಲ್ಲದ ತಂತಿಬಲೆ ಕಟ್ಟಿದ್ದೆವು, ಆಮೇಲೆ ತೆಗೆದೆವು. ಅಪಾರ್ಟ್‌ಮೆಂಟಿನಲ್ಲಿರುವವರು ಬಾಲ್ಕನಿಯ ಬಾಂಡ್ಲಿಯ ನಡುವೆ ಒಂದು ಇಟ್ಟಿಗೆ ನಿಲ್ಲಿಸಿದರೂ ಸಾಕು, ಗಂಡುಮರಿ ಅದನ್ನೇ ಕಂಬ ಮಾಡಿಕೊಳ್ಳುತ್ತದೆ.

ಆಪರೇಷನ್ ಮಾಡಿಸಬೇಕೇ?

ನನ್ನ ಅಭಿಪ್ರಾಯದಲ್ಲಿ ಹೌದು. ಬೀದಿಯ ಮರಿಗಳ ಸ್ಥಿತಿ ಕಂಡವರು ಬೇರೆ ಮಾತಾಡಲಾರರು. ಗುರುತು ಹಾಕುವುದು ಅರ್ಧಕ್ಕಿಂತ ಹೆಚ್ಚು ನಾಯಿಗಳಲ್ಲಿ ಚೆನ್ನಾಗಿ ಕಡಿಮೆಯಾಗುತ್ತದೆ. ಎಲ್ಲದರಲ್ಲೂ ಪೂರ್ತಿ ನಿಲ್ಲುವುದಿಲ್ಲ, ಮರುದಿನವೇ ನಿಲ್ಲುವುದೂ ಇಲ್ಲ. ಕೆಲವು ವಾರಗಳಿಂದ ಕೆಲವು ತಿಂಗಳು ಹಿಡಿಯುತ್ತದೆ, ಅಷ್ಟರಲ್ಲಿ ಅಭ್ಯಾಸವೇ ಆಗಿಹೋಗಿದ್ದರೆ ತರಬೇತಿಯೂ ಬೇಕು. ವಯಸ್ಸನ್ನು ವೈದ್ಯರೇ ಹೇಳಲಿ. ಸಣ್ಣ ನಾಯಿಗಳಿಗೆ ಆರು ತಿಂಗಳ ಹೊತ್ತಿಗೆ ಮಾಡುವುದುಂಟು. ಲ್ಯಾಬ್ರಡಾರ್, ಮುಧೋಳದಂಥ ದೊಡ್ಡ ಮೈಯ ತಳಿಗಳಿಗೆ ಮೂಳೆ ಬೆಳವಣಿಗೆ ಮುಗಿಯುವವರೆಗೆ ಕಾಯಲು ಹೇಳುತ್ತಾರೆ.

ಹೊಟ್ಟೆಗೆ ಸುತ್ತುವ ಬಟ್ಟೆಪಟ್ಟಿ ಮಾರುಕಟ್ಟೆಯಲ್ಲಿ ಸಿಗುತ್ತದೆ. ನೆಂಟರ ಮನೆಗೆ ಹೋದಾಗ ಒಂದೆರಡು ಗಂಟೆಗೆ ಸರಿ. ಒದ್ದೆಯಾದ ಪಟ್ಟಿ ದಿನವಿಡೀ ಇದ್ದರೆ ಚರ್ಮ ಹುಣ್ಣಾಗುತ್ತದೆ, ಕಲಿಸುವುದಂತೂ ಏನೂ ಇಲ್ಲ.

ಕೋಣೆಗಳನ್ನು ಒಂದೊಂದಾಗಿ ಬಿಡುವುದು

ಎರಡು ವಾರ ಒಂದೂ ತಪ್ಪಿಲ್ಲದಿದ್ದರೆ ಇನ್ನೊಂದು ಕೋಣೆ ಬಿಡಿ, ಮೊದಲು ನೀವು ಜೊತೆಗಿರುವಾಗ ಮಾತ್ರ. ಆ ಕೋಣೆಯಲ್ಲಿ ಹಳೆಯ ಕಲೆ ಇದ್ದ ಜಾಗದಲ್ಲೇ ಊಟದ ತಟ್ಟೆ ಇಡಿ ಅಥವಾ ಹಾಸಿಗೆ ಹಾಸಿ. ಉಣ್ಣುವಲ್ಲಿ ಕಾಲೆತ್ತುವುದು ನಾಯಿಗೂ ಒಗ್ಗುವುದಿಲ್ಲ. ನಮ್ಮಲ್ಲಿ ಕೊನೆಗೆ ತೆರೆದದ್ದು ಅಡುಗೆಮನೆ. ಮಧ್ಯೆ ಒಂದು ಸಲ ತಪ್ಪಿದರೆ ಬೇಸರಿಸಬೇಡಿ, ಒಂದು ಕೋಣೆ ಹಿಂದಕ್ಕೆ ಹೋಗಿ ಮತ್ತೆ ಶುರುಮಾಡಿ.

ತಪ್ಪುವುದು ಹೆಚ್ಚಾಗಿ ಎರಡು ಹೊತ್ತಿನಲ್ಲಿ. ಜಡಿಮಳೆ ಹಿಡಿದರೆ ಎಷ್ಟೋ ನಾಯಿಗಳು ಅಂಗಳಕ್ಕೆ ಕಾಲಿಡುವುದಿಲ್ಲ. ಸೂರಿನಡಿ ಒಂದು ಒಣ ಮೂಲೆಯಲ್ಲಿ ಮರಳು ಹಾಕಿಡಿ, ನೀವೂ ಕೊಡೆ ಹಿಡಿದು ಜೊತೆಗೆ ನಿಲ್ಲಿ, ಬಾಗಿಲಲ್ಲಿ ನಿಂತು ‘ಹೋಗು’ ಎಂದರೆ ಹೋಗದು. ಇನ್ನೊಂದು ದೀಪಾವಳಿ. ಪಟಾಕಿ ಶುರುವಾದ ಮೇಲೆ ಹೊರಗೆ ಕರೆದೊಯ್ದರೆ ಹೆದರಿ ಹಗ್ಗ ಕಿತ್ತು ಓಡಿಹೋಗುವ ಭಯವೂ ಇದೆ. ಆ ಮೂರು ದಿನ ಸಂಜೆ ಐದರೊಳಗೆ ಉದ್ದನೆಯ ಸುತ್ತು ಮುಗಿಸಿ, ಊಟ ಬೇಗ ಕೊಡಿ, ಕಿಟಕಿ ಮುಚ್ಚಿ ಒಳಕೋಣೆಯಲ್ಲಿ ಜೊತೆಗಿರಿ. ಬೀದಿ ಪೂರ್ತಿ ಸದ್ದಡಗಿದ ಮೇಲೆ, ಹನ್ನೆರಡಾಗಲಿ ಒಂದಾಗಲಿ, ಎರಡು ಹಗ್ಗ ಹಾಕಿ ಹೊರಗೆ ಒಯ್ಯಿರಿ. ಅಷ್ಟರೊಳಗೆ ಹೆದರಿ ಒಳಗೇ ಮಾಡಿಬಿಟ್ಟರೆ ಏನೂ ಅನ್ನದೆ ಒರೆಸಿ, ಕೈ ತೊಳೆದುಕೊಂಡು ಬಂದು ಅದರ ಪಕ್ಕದಲ್ಲೇ ಕೂತುಕೊಳ್ಳಿ.